ಗಾಯದ ಲೆಕ್ಕ, ಕೂಲಿಯ ಸಾಕ್ಷಿ



2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರದ ಹುಣಸೋಡಿನಲ್ಲಿ ಆದ ಸ್ಫೋಟದ ಸದ್ದು ಇಲ್ಲಿ ಕುಳಿತಿರುವ ಬಹಳ ಮಂದಿಯ ಕಿವಿಯಲ್ಲಿ ಇನ್ನೂ ಇದ್ದೀತು. ಕಲ್ಲುಕ್ವಾರಿಯ ಬಳಿ ಜಿಲೆಟಿನ್ ಸಿಡಿದು ಕಾರ್ಮಿಕರು ಸತ್ತರು. ಶಿವಮೊಗ್ಗ, ಭದ್ರಾವತಿಯಲ್ಲಿ ಭೂಕಂಪವೆಂದು ತಿಳಿದು ಜನ ಮನೆಯಿಂದ ಹೊರಗೆ ಓಡಿಬಂದರು. ಸುತ್ತಲ ಮನೆಗಳ ಗೋಡೆ ಬಿರುಕು ಬಿಟ್ಟವು. ಮೃತರ ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿ ಕೊಡುವುದಾಗಿ ಸರ್ಕಾರ ಘೋಷಿಸಿತು.

ಆ ಘೋಷಣೆಯ ಬಗ್ಗೆ ನನಗೆ ಆಕ್ಷೇಪವಿಲ್ಲ. ದುಃಖದ ಮನೆಗೆ ಮೊದಲು ತಲುಪುವುದು ಅಂಥ ಹಣವೇ. ಆದರೆ ಸತ್ತವನಿಗೆ ಇಪ್ಪತ್ತೆರಡು ವರ್ಷವೋ ಐವತ್ತೋ, ಮನೆಯಲ್ಲಿ ಎಳೆಯ ಮಕ್ಕಳಿದ್ದಾರೋ ಇಲ್ಲವೋ, ಅವನು ದಿನಕ್ಕೆ ಎಷ್ಟು ದುಡಿಯುತ್ತಿದ್ದ ಎಂಬ ಯಾವ ಪ್ರಶ್ನೆಯನ್ನೂ ಆ ಮೊತ್ತ ಕೇಳುವುದಿಲ್ಲ. ಅದು ಸರ್ಕಾರ ತನ್ನ ವಿವೇಚನೆಯಿಂದ ಕೊಡುವ ಹಣ. ಹಾನಿ ಮಾಡಿದವನಿಂದ, ಅಥವಾ ಅವನ ವಿಮಾ ಕಂಪನಿಯಿಂದ, ಆದ ನಷ್ಟವನ್ನು ಅಳೆದು ಪಡೆಯುವ ಹಕ್ಕು ಬೇರೆ. ಸರ್ಕಾರದ ಚೆಕ್ಕು ಕೈಗೆ ಬಂತೆಂದು ಆ ಹಕ್ಕು ಮುಗಿಯುವುದಿಲ್ಲ. ದೆಹಲಿಯ ಓಲಿಯಂ ಅನಿಲ ಸೋರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1986ರ ಡಿಸೆಂಬರಿನಲ್ಲೇ ಹೇಳಿದೆ: ಅಪಾಯಕಾರಿ ಉದ್ಯಮ ನಡೆಸುವವನು ಅದರಿಂದಾದ ಹಾನಿಗೆ ಪೂರ್ತಿ ಹೊಣೆ, ನಾನು ಎಚ್ಚರ ವಹಿಸಿದ್ದೆ ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ನಮ್ಮ ಊರಿನಲ್ಲಿ ಸಾವುನೋವಾದಾಗ ಜನ ಮೊದಲ ಹಣದ ಬಗ್ಗೆ ವಾರಗಟ್ಟಲೆ ಮಾತಾಡುತ್ತಾರೆ. ಎರಡನೆಯದನ್ನು ಕೇಳಲು ಕೋರ್ಟಿನ ಮೆಟ್ಟಿಲು ಹತ್ತಬೇಕೆಂಬುದು ಬಹಳ ಮನೆಗಳಿಗೆ ಗೊತ್ತಾಗುವ ಹೊತ್ತಿಗೆ ಸಾಕ್ಷ್ಯ ಚದುರಿರುತ್ತದೆ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಎರಡನೆಯ ಹಕ್ಕಿನ ಬಗ್ಗೆ, ಅದರಲ್ಲೂ ಕೂಲಿ ಮಾಡಿ ಬದುಕುವವರ ಪಾಲಿಗೆ ಅದು ಎಲ್ಲಿ ಸೋರಿಹೋಗುತ್ತದೆ ಎಂಬುದರ ಬಗ್ಗೆ.

ಮೈಗಾದ ಗಾಯಕ್ಕೆ ಪರಿಹಾರ ಕೊಡಿಸುವ ಕಾನೂನು ನಮ್ಮಲ್ಲಿ ಒಂದೇ ಪುಸ್ತಕದಲ್ಲಿ ಇಲ್ಲ. ರಸ್ತೆ ಅಪಘಾತಕ್ಕೆ 1988ರ ಮೋಟಾರು ವಾಹನ ಕಾಯ್ದೆ. ಕೆಲಸದಲ್ಲಿ ಆದ ಗಾಯಕ್ಕೆ 1923ರ ನೌಕರರ ಪರಿಹಾರ ಕಾಯ್ದೆ, ಈಗ 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ. ಆಸ್ಪತ್ರೆಯ ಸೇವಾಲೋಪಕ್ಕೆ ಗ್ರಾಹಕರ ಆಯೋಗ. ಇವು ಯಾವುದಕ್ಕೂ ಸೇರದ್ದಕ್ಕೆ ಸಿವಿಲ್ ದಾವೆ. ಇವೆಲ್ಲ ಹೆಚ್ಚಾಗಿ ಕೇಂದ್ರದ ಕಾನೂನುಗಳು. ಆದರೆ ದಾವೆ ಹೂಡುವವನ ಜೇಬಿಗೆ ಮೊದಲು ತಟ್ಟುವುದು ನಮ್ಮ ರಾಜ್ಯದ್ದು: 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆ.

ಕೆಲಸದಲ್ಲಿ ಆಗುವ ಗಾಯದಿಂದಲೇ ಶುರು ಮಾಡುತ್ತೇನೆ. ಭದ್ರಾವತಿಯ ಕಬ್ಬಿಣದ ಕುಲುಮೆ ಮೊದಲು ಉರಿದದ್ದು 1923ರ ಜನವರಿಯಲ್ಲಿ. ಬ್ರಿಟಿಷ್ ಭಾರತದ ಶಾಸನಸಭೆ ಕಾರ್ಮಿಕರ ಪರಿಹಾರ ಕಾಯ್ದೆಯನ್ನು ಮಾಡಿದ್ದು ಅದೇ ವರ್ಷದ ಮಾರ್ಚಿನಲ್ಲಿ. ಮೈಸೂರು ಆಗ ಬೇರೆ ಸಂಸ್ಥಾನ, ಹಾಗಾಗಿ ಆ ಕಾಯ್ದೆ ನೇರವಾಗಿ ಇಲ್ಲಿಗೆ ಬರಲಿಲ್ಲ. ಆದರೂ ಒಂದು ಉಕ್ಕಿನ ಊರೂ, ಯಂತ್ರದ ಬಾಯಿಗೆ ಸಿಕ್ಕ ಕೈಗೆ ಬೆಲೆ ಕಟ್ಟುವ ಕಾನೂನೂ ಒಂದೇ ವರ್ಷ ಹುಟ್ಟಿದ್ದು ನನ್ನನ್ನು ಯಾವಾಗಲೂ ಯೋಚನೆಗೆ ಹಚ್ಚುತ್ತದೆ. ಆ ಕಾಯ್ದೆಯ ದೊಡ್ಡ ಗುಣವೆಂದರೆ ಮಾಲೀಕನ ತಪ್ಪನ್ನು ಸಾಬೀತು ಮಾಡಬೇಕಿಲ್ಲ. ಕೆಲಸದ ಸಂದರ್ಭದಲ್ಲಿ, ಕೆಲಸದ ಕಾರಣದಿಂದ ಗಾಯವಾಯಿತು ಎಂದು ತೋರಿಸಿದರೆ ಸಾಕು. ಗುತ್ತಿಗೆದಾರನ ಕಡೆಯ ಆಳು ಸತ್ತರೂ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕ ಹಣ ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. ಭದ್ರಾವತಿಯಲ್ಲಿ ಕಾಯಂ ನೌಕರರಿಗಿಂತ ಹೆಚ್ಚಾಗಿ ಗುತ್ತಿಗೆ ಕಾರ್ಮಿಕರ ಮನೆಗಳು ಈ ನಿಯಮವನ್ನು ತಿಳಿದಿರಬೇಕು.

ದೋಷ ಇರುವುದು ಲೆಕ್ಕದಲ್ಲಿ. ಕೆಲಸದಲ್ಲಿ ಸಾವಾದರೆ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ. ನಲವತ್ತು ವರ್ಷದವನಿಗೆ ಆ ಸಂಖ್ಯೆ 184.17. ಸಂಬಳ ಎಷ್ಟೇ ಇರಲಿ, 2020ರ ಜನವರಿಯಲ್ಲಿ ನಿಗದಿಯಾದ ಮಿತಿಯ ಪ್ರಕಾರ 15,000 ರೂಪಾಯಿಗಿಂತ ಹೆಚ್ಚನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 7,500ನ್ನು 184.17ರಿಂದ ಗುಣಿಸಿದರೆ 13,81,275 ರೂಪಾಯಿ. ಈಗ ಅದೇ ಮನುಷ್ಯ, ಅದೇ ವಯಸ್ಸು, ಅದೇ 15,000 ಸಂಬಳ, ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಅವನು ಮಾಚೇನಹಳ್ಳಿಯ ಕಾರ್ಖಾನೆಯ ಗೇಟು ದಾಟಿ ಹೆದ್ದಾರಿಗೆ ಬಂದ, ಲಾರಿಯೊಂದು ಗುದ್ದಿತು ಎಂದಿಟ್ಟುಕೊಳ್ಳಿ. ಸುಪ್ರೀಂ ಕೋರ್ಟಿನ 2009ರ ಮತ್ತು 2017ರ ತೀರ್ಪುಗಳ ಪ್ರಕಾರ, ಕಾಯಂ ನೌಕರನಲ್ಲದವನಾದರೆ ಮುಂದೆ ಹೆಚ್ಚಬಹುದಾಗಿದ್ದ ಆದಾಯವೆಂದು ಶೇ. 25 ಸೇರಿಸುತ್ತಾರೆ: 18,750. ಅವನ ಸ್ವಂತ ಖರ್ಚೆಂದು ನಾಲ್ಕನೇ ಒಂದು ಪಾಲು ಕಳೆಯುತ್ತಾರೆ. ಉಳಿದದ್ದನ್ನು ವರ್ಷಕ್ಕೆ ಹಾಕಿ, ನಲವತ್ತರವರೆಗಿನ ವಯಸ್ಸಿಗೆ ನಿಗದಿಯಾದ 15ರಿಂದ ಗುಣಿಸುತ್ತಾರೆ. ಬರುವ ಮೊತ್ತ 25,31,250 ರೂಪಾಯಿ. ಅಂತ್ಯಕ್ರಿಯೆಯ ಖರ್ಚು, ಸಂಗಾತಿಯನ್ನು ಕಳೆದುಕೊಂಡ ನಷ್ಟ ಇತ್ಯಾದಿ ಇದರ ಮೇಲೆ.

ಗೇಟಿನ ಒಳಗೆ ಸತ್ತರೆ ಹದಿನಾಲ್ಕು ಲಕ್ಷಕ್ಕೂ ಕಡಿಮೆ, ಹೊರಗೆ ಸತ್ತರೆ ಇಪ್ಪತ್ತೈದು ಲಕ್ಷದ ಮೇಲೆ. ರಸ್ತೆಯ ಪ್ರಕರಣದಲ್ಲಿ ಚಾಲಕನ ನಿರ್ಲಕ್ಷ್ಯವನ್ನು ರುಜುವಾತು ಮಾಡಬೇಕು, ಕಾರ್ಖಾನೆಯ ಪ್ರಕರಣದಲ್ಲಿ ಬೇಡ, ಅದಕ್ಕೇ ಈ ವ್ಯತ್ಯಾಸ ಎಂದು ಕೆಲವರು ವಾದಿಸುತ್ತಾರೆ. ನನಗೆ ಆ ವಾದ ಒಪ್ಪಿಗೆಯಾಗುವುದಿಲ್ಲ. ರುಜುವಾತು ಸುಲಭವಾದ ಮಾತ್ರಕ್ಕೆ ವಿಧವೆಯ ಮನೆಖರ್ಚು ಅರ್ಧವಾಗುವುದಿಲ್ಲ. ಸಂಬಳದ ಆ ಮಿತಿಯನ್ನು ಬೆಲೆಯೇರಿಕೆಗೆ ತಕ್ಕಂತೆ ವರ್ಷವರ್ಷವೂ ಏರಿಸಬೇಕೆಂದು ಕಾರ್ಮಿಕ ಸಂಘಗಳು ಬೋನಸ್ಸಿಗಾಗಿ ಹೋರಾಡುವಷ್ಟೇ ಗಟ್ಟಿಯಾಗಿ ಕೇಳಬೇಕು. ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಕೆಲಸದ ಮೇಲೆ ಕಂಪನಿಯ ವಾಹನದಲ್ಲಿ ಹೋಗುವಾಗ ಅಪಘಾತವಾದರೆ ಎರಡೂ ದಾರಿ ತೆರೆದಿರುತ್ತವೆ, ಆದರೆ ಕಾನೂನು ಒಂದನ್ನು ಮಾತ್ರ ಆರಿಸಿಕೊಳ್ಳಲು ಬಿಡುತ್ತದೆ. ಮೊದಲ ಅರ್ಜಿ ಹಾಕುವ ಮುನ್ನ ಎರಡೂ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡದ ವಕೀಲ ಕಕ್ಷಿದಾರನ ಹನ್ನೊಂದು ಲಕ್ಷವನ್ನು ಕೈಯಾರೆ ಬಿಟ್ಟಂತೆ. ನೌಕರರ ರಾಜ್ಯ ವಿಮೆ (ಇಎಸ್‌ಐ) ವ್ಯಾಪ್ತಿಯ ನೌಕರರ ದಾರಿಯೇ ಬೇರೆ. ಅವರಿಗೆ ಪರಿಹಾರ ಮಾಸಾಶನದ ರೂಪದಲ್ಲಿ ಬರುತ್ತದೆ, ನೌಕರರ ಪರಿಹಾರದ ಅರ್ಜಿಗೆ ಅವಕಾಶವಿಲ್ಲ.

ಸಾವಿನ ಲೆಕ್ಕಕ್ಕಿಂತ ಗಾಯದ ಲೆಕ್ಕ ಕಷ್ಟ. ಸತ್ತವನ ಸಂಸಾರಕ್ಕೆ ಆದ ನಷ್ಟವನ್ನು ಸೂತ್ರಕ್ಕೆ ತರಬಹುದು. ಬದುಕಿ ಉಳಿದು ಕುಂಟುತ್ತಿರುವವನದನ್ನು ತರುವುದು ಸುಲಭವಲ್ಲ. ಇದಕ್ಕೆ ನಮ್ಮ ಹೈಕೋರ್ಟಿನಿಂದಲೇ ಸುಪ್ರೀಂ ಕೋರ್ಟಿನ ಹಾದಿ ಹಿಡಿದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು 2010ರ ಅಕ್ಟೋಬರಿನಲ್ಲಿ ಬರೆದ ತೀರ್ಪು ಇವತ್ತಿಗೂ ಆಧಾರ. ವೈದ್ಯರು ಹೇಳುವ ಅಂಗವೈಕಲ್ಯದ ಶೇಕಡಾವಾರು ಬೇರೆ, ದುಡಿಮೆಯ ಶಕ್ತಿಯಲ್ಲಿ ಆದ ನಷ್ಟ ಬೇರೆ ಎಂಬುದು ಅದರ ತಿರುಳು. ಎಡಗೈ ತುಂಡಾದರೆ ವೈದ್ಯರು ಶೇ. 60 ಎನ್ನಬಹುದು. ಅವನು ಡ್ರೈವರೋ ಬಡಗಿಯೋ ಆಗಿದ್ದರೆ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಸರ್ಕಾರಿ ಗುಮಾಸ್ತನಾಗಿದ್ದರೆ ನೌಕರಿ ಉಳಿದೀತು. ಅದೇ ಕೈ, ಆದರೆ ನಷ್ಟ ಬೇರೆ ಬೇರೆ. ಅದಕ್ಕೆ ಕೋರ್ಟು ಮೊದಲು ಕೇಳಬೇಕಾದ ಪ್ರಶ್ನೆ: ಈ ಮನುಷ್ಯ ನಿನ್ನೆ ಏನು ಮಾಡುತ್ತಿದ್ದ, ಇವತ್ತು ಅದರಲ್ಲಿ ಏನನ್ನು ಮಾಡಲಾರ, ಬೇರೆ ಏನನ್ನಾದರೂ ಮಾಡಬಲ್ಲನೆ?

ನಮ್ಮ ರಾಜ್ಯದಿಂದಲೇ ಹೋದ ಒಂದು ಪ್ರಕರಣ 2014ರಲ್ಲಿ ಇತ್ಯರ್ಥವಾಯಿತು. ಇಪ್ಪತ್ನಾಲ್ಕು ವರ್ಷದ ತರಕಾರಿ ವ್ಯಾಪಾರಿ ಅಪಘಾತದಲ್ಲಿ ಕಾಲು ಕಳೆದುಕೊಂಡಿದ್ದ. ಕೂತು ತರಕಾರಿ ಮಾರಬಹುದಲ್ಲ ಎಂಬ ನೋಟ ಕೆಳಗಿನ ಹಂತದಲ್ಲಿ ಪರಿಹಾರವನ್ನು ಇಳಿಸಿತ್ತು. ತರಕಾರಿ ವ್ಯಾಪಾರ ಎಂದರೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕಟ್ಟೆಯ ಮೇಲೆ ಕೂರುವುದಷ್ಟೇ ಎಂದು ತಿಳಿದವರು ಮುಂಜಾವಿನಲ್ಲಿ ಮಂಡಿಗೆ ಹೋಗಿ ಮೂಟೆ ಹೊತ್ತು ತರುವವರನ್ನು ನೋಡಿಲ್ಲ. ಮೈಸೂರು ಸೀಮೆಯವರೇ ಆದ ನ್ಯಾಯಮೂರ್ತಿ ವಿ. ಗೋಪಾಲಗೌಡರಿದ್ದ ಪೀಠ ಆ ನಷ್ಟವನ್ನು ಶೇ. 85 ಎಂದು ನಿಗದಿ ಮಾಡಿತು, ಯಾವ ದಾಖಲೆಯೂ ಇಲ್ಲದಿದ್ದರೂ ಆದಾಯವನ್ನು ತಿಂಗಳಿಗೆ 6,500 ಎಂದು ಒಪ್ಪಿತು. ಅದಕ್ಕೂ ಮುಂಚೆ, 2011ರಲ್ಲಿ, ನ್ಯಾಯಮೂರ್ತಿ ಎಚ್.ಎಲ್. ದತ್ತು ಅವರು ಬೆಂಗಳೂರಿನ ಕೂಲಿಯೊಬ್ಬನ ಪ್ರಕರಣದಲ್ಲಿ, ತಿಂಗಳಿಗೆ 4,500 ದುಡಿಯುತ್ತಿದ್ದೆ ಎಂಬ ಅವನ ಮಾತನ್ನು ಹಾಗೆಯೇ ಸ್ವೀಕರಿಸಿದರು. ಕೂಲಿಯವನ ಬಳಿ ಸಂಬಳದ ಚೀಟಿ ಇರುವುದಿಲ್ಲ, ಅವನು ಕೇಳಿದ್ದು ಆ ಕಾಲದ ಕೂಲಿಗೆ ಹೊಂದುತ್ತಿದ್ದರೆ ನಂಬದಿರಲು ಕಾರಣವಿಲ್ಲ ಎಂಬುದು ಅಲ್ಲಿನ ನಿಲುವು.

ಈ ತೀರ್ಪುಗಳು ದೆಹಲಿಯಲ್ಲಿ ಬಂದವು. ಶಿವಮೊಗ್ಗದ ಬಾಲರಾಜ ಅರಸ್ ರಸ್ತೆಯ ನಮ್ಮ ಕೋರ್ಟಿನ ಸಾಕ್ಷಿಕಟ್ಟೆಯಲ್ಲಿ ನಡೆಯುವುದು ಬೇರೆ. ಪಾಟೀಸವಾಲಿನ ಆ ಮಾತುಗಳು ಇಲ್ಲಿನ ವಕೀಲರಿಗೆಲ್ಲ ಬಾಯಿಪಾಠ. "ನಿಮಗೆ ತಿಂಗಳಿಗೆ ಹದಿನೆಂಟು ಸಾವಿರ ಬರ್ತಿತ್ತು ಅನ್ನೋದಕ್ಕೆ ದಾಖಲೆ ಕೊಟ್ಟಿದೀರೇನಮ್ಮ?" "ಇಲ್ಲ ಸಾರ್, ಕೈಗೇ ಕೊಡೋರು." "ಹೆಚ್ಚಿನ ಪರಿಹಾರಕ್ಕೋಸ್ಕರ ಸುಳ್ಳು ಹೇಳ್ತಿದೀರಿ ಅಂದ್ರೆ ಸರಿಯೆ?" "ಸರಿಯಲ್ಲ." ದಾಖಲೆಯಲ್ಲಿ ಉಳಿಯುವುದು ಇಷ್ಟೇ. ಆಮೇಲೆ ನ್ಯಾಯಾಧೀಶರು ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಲೋಕ ಅದಾಲತ್ತಿಗೆಂದು ಸಿದ್ಧಪಡಿಸಿದ ವರ್ಷವಾರು ಕಾಲ್ಪನಿಕ ಆದಾಯದ ಪಟ್ಟಿಯ ಮೊರೆ ಹೋಗುತ್ತಾರೆ. ಆ ಪಟ್ಟಿಯಿಂದ ಉಪಕಾರವಾಗಿದೆ, ಇಲ್ಲವೆನ್ನುವುದಿಲ್ಲ. ಅದು ಬರುವ ಮುಂಚೆ ಒಂದೇ ಕೂಲಿಗೆ ಒಂದೊಂದು ಕೋರ್ಟಿನಲ್ಲಿ ಒಂದೊಂದು ಬೆಲೆ. ಆದರೆ ಪಟ್ಟಿಗೆ ನುರಿತ ಗಾರೆಕೆಲಸದವನೂ ಅವನಿಗೆ ಸಿಮೆಂಟು ಕಲಸಿಕೊಡುವ ಹುಡುಗನೂ ಒಂದೇ. ನುರಿತ ಕೈಯ ಹೆಚ್ಚಿನ ಕೂಲಿ ಕಾಗದಕ್ಕೆ ಬರದಿದ್ದರೆ ಅದು ಕೋರ್ಟಿನ ಕಣ್ಣಿಗೆ ಇಲ್ಲವೇ ಇಲ್ಲ. ಆದ್ದರಿಂದ ಇಲ್ಲಿರುವ ಕಾರ್ಮಿಕ ಮಿತ್ರರಿಗೆ ನನ್ನ ಬಿನ್ನಹ: ಕೂಲಿಯನ್ನು ಸಾಧ್ಯವಾದಷ್ಟೂ ಬ್ಯಾಂಕಿಗೋ ಫೋನ್‌ಪೇಗೋ ಹಾಕಿಸಿಕೊಳ್ಳಿ. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು, ಇ-ಶ್ರಮ್ ನೋಂದಣಿ ಮಾಡಿಸಿಕೊಳ್ಳಿ. ಸಂಘದ ಹಾಜರಿ ಪುಸ್ತಕ ಬರೆಯುವುದನ್ನು ಬಿಡಬೇಡಿ. ಮೇಸ್ತ್ರಿಯೊಬ್ಬ ಕೋರ್ಟಿಗೆ ಬಂದು, ಇವರಿಗೆ ದಿನಕ್ಕೆ ಇಷ್ಟು ಕೊಡುತ್ತಿದ್ದೆ ಎಂದು ಹೇಳಿದರೆ ಅದೂ ಸಾಕ್ಷ್ಯವೇ.

ಮನೆಯೊಳಗೆ ದುಡಿಯುವ ಹೆಂಗಸಿನ ವಿಷಯದಲ್ಲಿ ಕಾನೂನು ಕಣ್ಣು ತೆರೆದದ್ದೂ ಒಂದು ಉಕ್ಕಿನ ಊರಿನ ದುರಂತದಿಂದ. 1989ರ ಮಾರ್ಚ್ 3ರಂದು ಜಮ್‌ಶೆಡ್‌ಪುರದಲ್ಲಿ ಟಾಟಾ ಕಾರ್ಖಾನೆಯ ಸಂಸ್ಥಾಪಕರ ದಿನದ ಸಮಾರಂಭದಲ್ಲಿ ಬೆಂಕಿ ಬಿದ್ದು ಅನೇಕ ಹೆಂಗಸರೂ ಮಕ್ಕಳೂ ಸತ್ತರು. ಆ ಪ್ರಕರಣದಲ್ಲಿ, ಗೃಹಿಣಿಯ ದುಡಿಮೆಯನ್ನು ತಿಂಗಳಿಗೆ 3,000 ರೂಪಾಯಿಗಿಂತ ಕಡಿಮೆ ಹಿಡಿಯಬಾರದೆಂದು 2001ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2021ರ ಜನವರಿಯಲ್ಲಿ ಅದೇ ಕೋರ್ಟು ಇನ್ನೂ ಮುಂದೆ ಹೋಗಿ, 2011ರ ಜನಗಣತಿಯಲ್ಲಿ ಮನೆಗೆಲಸವೇ ಮುಖ್ಯ ಕೆಲಸವೆಂದು ಬರೆಸಿದ ಸುಮಾರು 16 ಕೋಟಿ ಹೆಂಗಸರನ್ನು ಎತ್ತಿ ಹೇಳಿ, ಗೃಹಿಣಿಗೂ ಭವಿಷ್ಯದ ಆದಾಯದ ಏರಿಕೆಯನ್ನು ಸೇರಿಸಬೇಕೆಂದಿತು. ನಮ್ಮ ಅರ್ಜಿಗಳಲ್ಲಿ ಇನ್ನೂ "ಮನೆಗೆಲಸ" ಎಂಬ ಒಂದೇ ಪದ ಬರೆದು ಬಿಡುತ್ತಾರೆ. ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಿದ್ದಳೆ, ಅಡಿಕೆ ಸುಲಿಯಲು ಹೋಗುತ್ತಿದ್ದಳೆ, ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಪಡೆದು ತೀರಿಸಿದ್ದಾಳೆಯೆ? ಮಲೆನಾಡಿನ ಹೆಂಗಸಿನ ದುಡಿಮೆಗೆ ಡೈರಿಯ ಹಾಲಿನ ಪುಸ್ತಕಕ್ಕಿಂತ ಒಳ್ಳೆಯ ದಾಖಲೆ ಯಾವುದಿದೆ? ಅದನ್ನು ಕೋರ್ಟಿಗೆ ಹಾಜರುಪಡಿಸಿದವರು ಕಡಿಮೆ.

ದಾಖಲೆಯ ಕಥೆ ಆಸ್ಪತ್ರೆಯ ಬಾಗಿಲಿನಲ್ಲೇ ಶುರುವಾಗುತ್ತದೆ. ಮೆಗ್ಗಾನ್ ಆಸ್ಪತ್ರೆಗೆ ಗಾಯಾಳುವನ್ನು ತಂದವರು ಗಾಬರಿಯಲ್ಲಿ "ಬೈಕಿಂದ ಬಿದ್ದ" ಎಂದು ಬರೆಸಿಬಿಡುತ್ತಾರೆ. ಗುದ್ದಿದ ಕಾರಿನ ಮಾತು ವೈದ್ಯಕೀಯ-ಕಾನೂನು ಪ್ರಕರಣಗಳ (ಎಂಎಲ್‌ಸಿ) ಪುಸ್ತಕಕ್ಕೆ ಬರುವುದೇ ಇಲ್ಲ. ಎರಡು ವರ್ಷದ ಮೇಲೆ ವಿಮಾ ಕಂಪನಿಯ ವಕೀಲರು ಆ ಒಂದು ಸಾಲನ್ನೇ ಹಿಡಿದು ಕೇಸು ಕೆಡವುತ್ತಾರೆ. ಯಾವ ವಾಹನ, ಯಾವ ಜಾಗ, ಎಷ್ಟು ಹೊತ್ತಿಗೆ ಎಂಬುದನ್ನು ಮೊದಲ ದಿನವೇ ಸರಿಯಾಗಿ ಬರೆಸಿ. ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕೆಂದು 2022ರ ಏಪ್ರಿಲ್ 1ರಿಂದ ನಿಯಮವಿದೆ. ಆಮೇಲಿನ ವಿವರವಾದ ವರದಿಯನ್ನೇ ಪರಿಹಾರದ ಅರ್ಜಿಯೆಂದು ಪರಿಗಣಿಸಲು ಕಾಯ್ದೆ ಅವಕಾಶ ಕೊಟ್ಟಿದೆ. ಅದೇ ದಿನದಿಂದ ಇನ್ನೊಂದು ಬದಲಾವಣೆಯೂ ಜಾರಿಗೆ ಬಂತು: ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. 1994ರಲ್ಲಿ ಸಂಸತ್ತು ತೆಗೆದುಹಾಕಿದ್ದ ಮಿತಿ 2019ರ ತಿದ್ದುಪಡಿಯಲ್ಲಿ ಮರಳಿ ಬಂದಿದೆ. ಅದರ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ತೊಡೆಯ ಮೂಳೆ ಮುರಿದು ಮಲಗಿದವನಿಗೆ ಆರು ತಿಂಗಳೆಂಬುದು ಕ್ರೂರವಾದ ಗಡುವು ಎಂಬುದೇ ನನ್ನ ಅಭಿಪ್ರಾಯ. ಆದರೂ ಆ ವ್ಯಾಜ್ಯವನ್ನು ನಂಬಿ ಯಾರೂ ತಡ ಮಾಡಬೇಡಿ.

ವಾಹನವೂ ಇಲ್ಲ, ಕಾರ್ಖಾನೆಯೂ ಇಲ್ಲ, ಆದರೂ ಗಾಯವಾಯಿತು. ಮಳೆಗಾಲದಲ್ಲಿ ನಮ್ಮ ಕಡೆ ಇದು ಅಪರೂಪವಲ್ಲ. ಹರಿದು ಬಿದ್ದ ವಿದ್ಯುತ್ ತಂತಿ ತುಳಿದು ಸತ್ತರೆ ಕಾನೂನು ಗಟ್ಟಿಯಾಗಿ ಸಂತ್ರಸ್ತನ ಪರ ನಿಂತಿದೆ. ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ, ಯಾರೋ ಕಳ್ಳತನದಿಂದ ಎಳೆದಿದ್ದ ತಂತಿ ಅದು ಎಂದು ವಿದ್ಯುತ್ ಮಂಡಳಿ ವಾದಿಸಿತು. ಇಂಥ ಅಪಾಯದ ಶಕ್ತಿಯನ್ನು ಹರಿಸುವವರೇ ಹೊಣೆ ಎಂದು 2002ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಮೆಸ್ಕಾಂ ವ್ಯಾಪ್ತಿಯ ನಮಗೂ ಅದೇ ಕಾನೂನು. ಮರ ಬಿದ್ದರೆ ಮಾತ್ರ ಹಾದಿ ಕಿರಿದು. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದಾಗ ಪಾಲಿಕೆಯೇ ಹೊಣೆ ಎಂದು 1966ರಲ್ಲಿ ಹೇಳಿದ ಸುಪ್ರೀಂ ಕೋರ್ಟು, ರಾಜಕೋಟೆಯಲ್ಲಿ ರಸ್ತೆಬದಿಯ ಮರ ಬಿದ್ದು ಪಾದಚಾರಿ ಸತ್ತ ಪ್ರಕರಣದಲ್ಲಿ ಪಾಲಿಕೆ ಹೊಣೆಯಲ್ಲ ಎಂದು 1997ರಲ್ಲಿ ಹೇಳಿತು. ಮರ ಟೊಳ್ಳಾಗಿದೆಯೆಂದು ಪಾಲಿಕೆಗೆ ಮೊದಲೇ ಗೊತ್ತಿತ್ತು ಎಂದು ತೋರಿಸಬಲ್ಲವನಿಗೆ ಮಾತ್ರ ಬಲ. ಆದ್ದರಿಂದ ನಿಮ್ಮ ಬೀದಿಯ ಒಣಮರದ ಬಗ್ಗೆ ಶಿವಮೊಗ್ಗ ಪಾಲಿಕೆಗೋ ಭದ್ರಾವತಿ ನಗರಸಭೆಗೋ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಮುಂದೆ ಯಾರದೋ ಮನೆಯ ದಾವೆಗೆ ಅದೇ ಮುಖ್ಯ ದಾಖಲೆಯಾದೀತು.

ಇಂಥ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಅವಧಿ. ಸಾವಾಗಿದ್ದರೆ, 1855ರ ಮಾರಣಾಂತಿಕ ಅಪಘಾತ ಕಾಯ್ದೆಯ ಕೆಳಗೆ, ಎರಡೇ ವರ್ಷ. ಸರ್ಕಾರದ ಮೇಲಾದರೆ ಎರಡು ತಿಂಗಳ ನೋಟಿಸು ಮೊದಲು ಕೊಡಬೇಕು. ಕೇಳುವ ಮೊತ್ತಕ್ಕೆ ತಕ್ಕ ಕೋರ್ಟು ಶುಲ್ಕವೇ ಬಡವರನ್ನು ಹಿಂದಕ್ಕೆ ತಳ್ಳುವುದು. ಶುಲ್ಕ ಕಟ್ಟಲಾರದವನು ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದಡಿ ಶುಲ್ಕವಿಲ್ಲದೆ ದಾವೆ ಹೂಡಲು ಅನುಮತಿ ಕೇಳಬಹುದು. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೆಂದು ನೋಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಕೊಡಬೇಕು. ಭದ್ರಾವತಿಯಂಥ ಊರಿನಲ್ಲಿ ಈ ಪಟ್ಟಿಯ ಹೊರಗೆ ಉಳಿಯುವ ಮನೆಗಳೇ ಕಡಿಮೆ. ಇನ್ನು ಅಮೆರಿಕದಲ್ಲಿ ಗಾಯಾಳುವಿನ ವಕೀಲರು ಗೆದ್ದ ಹಣದಲ್ಲಿ ಪಾಲು ತೆಗೆದುಕೊಳ್ಳುವುದು ವಾಡಿಕೆ. ನಮ್ಮಲ್ಲಿ ಬಾರ್ ಕೌನ್ಸಿಲ್ ನಿಯಮ ಅದನ್ನು ನಿಷೇಧಿಸಿದೆ. ಆಸ್ಪತ್ರೆಯ ವಾರ್ಡಿಗೆ ಬಂದು "ಬಂದದ್ದರಲ್ಲಿ ಇಷ್ಟು ಪರ್ಸೆಂಟು" ಎಂದು ವಕಾಲತ್ತಿಗೆ ಸಹಿ ಕೇಳುವ ಮಧ್ಯವರ್ತಿಗೆ ಸಹಿ ಹಾಕಬೇಡಿ. ಕಿರಿಯ ವಕೀಲರಿಗೆ ನಾನು ಕೈಮುಗಿದು ಕೇಳುವುದೂ ಇದನ್ನೇ, ಆ ದಾರಿಯಲ್ಲಿ ಕೇಸು ತರಬೇಡಿ. ಲೋಕ ಅದಾಲತ್ತಿನಲ್ಲಿ ರಾಜಿಯಾಗುವುದು ಎಷ್ಟೋ ಸಲ ಒಳ್ಳೆಯದೇ, ಹಣ ಬೇಗ ಬರುತ್ತದೆ. ಆದರೆ ಅಲ್ಲಿನ ಐತೀರ್ಪಿಗೆ ಮೇಲ್ಮನವಿ ಇಲ್ಲ. ಸಹಿಗೆ ಮುಂಚೆ ನಾನು ಆಗಲೇ ಹೇಳಿದ ಗುಣಾಕಾರವನ್ನು ಒಮ್ಮೆ ಮಾಡಿ ನೋಡಿ.

ಕೊನೆಗೆ, ಈ ಜಿಲ್ಲೆಯದೇ ಒಂದು ಕೆಲಸದ ಬಗ್ಗೆ. ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಕೊನೆಗಾರನಿಗೆ ಯಾರು ಹೊಣೆ? ಬಹಳ ಮಂದಿ ಯಾರೂ ಅಲ್ಲ ಎಂದುಕೊಂಡಿದ್ದಾರೆ. ಅದು ತಪ್ಪು. 1923ರ ಪರಿಹಾರ ಕಾಯ್ದೆಯ ಅನುಸೂಚಿಯಲ್ಲೇ ತೋಟಗಾರಿಕೆಯ ಕೆಲಸ ಸೇರಿತ್ತು, ಅಪರೂಪಕ್ಕೆ ಬರುವ ದಿನಗೂಲಿಯವನನ್ನು ಹೊರಗಿಡುತ್ತಿದ್ದ ಮಾತುಗಳನ್ನು 2000ದ ತಿದ್ದುಪಡಿ ತೆಗೆದುಹಾಕಿತ್ತು. ಫಸಲನ್ನು ಮರದ ಮೇಲೇ ಚೇಣಿಗೆ ಕೊಟ್ಟಿದ್ದರೆ, ಕೊನೆ ಇಳಿಸಲು ಆಳು ಕರೆತಂದ ಚೇಣಿದಾರನೇ ಮಾಲೀಕ ಎಂದು ವಾದಿಸಬೇಕು. ತೋಟದವನೇ ಕರೆಸಿದ್ದರೆ ತೋಟದವನು. ಆದರೆ ಡಿಕ್ರಿ ಸಿಕ್ಕಿದ ಮಾತ್ರಕ್ಕೆ ಹಣ ಬರುವುದಿಲ್ಲ. ಎರಡು ಎಕರೆ ತೋಟದ ಮನೆಯ ಮೇಲೆ ಹದಿನೈದು ಲಕ್ಷದ ಅಮಲ್ಜಾರಿ ಹೋದರೆ ಎರಡು ಸಂಸಾರ ಮುಳುಗುತ್ತವೆ. ಲಾರಿಗೆ ವಿಮೆ ಕಡ್ಡಾಯವಾದದ್ದರಿಂದಲೇ ರಸ್ತೆಯ ಪರಿಹಾರ ಕೈಗೆ ಸಿಗುತ್ತಿದೆ. ಮರ ಹತ್ತುವವನ ಹಿಂದೆ ಅಂಥ ವಿಮೆ ಇಲ್ಲ. ಕೊಯ್ಲಿನ ತಿಂಗಳುಗಳಿಗೆ ಗುಂಪು ವಿಮೆ ಮಾಡಿಸಲು ದೊಡ್ಡ ಹಣ ಬೇಕಿಲ್ಲ, ವ್ಯವಸ್ಥೆ ಬೇಕು. ಮ್ಯಾಮ್‌ಕೋಸ್‌ನಂಥ ಅಡಿಕೆ ಮಾರಾಟದ ಸಹಕಾರ ಸಂಘಗಳು ಮತ್ತು ಎಪಿಎಂಸಿ ಒಟ್ಟಿಗೆ ಕೂತು, ಕೊನೆಗಾರರ ವಿಮೆಯ ಕಾಗದವಿಲ್ಲದೆ ಚೇಣಿಯ ಮಾತುಕತೆ ನಡೆಯಬಾರದೆಂದು ಮುಂದಿನ ಕೊಯ್ಲಿಗೆ ಮುಂಚೆ ನಿರ್ಧರಿಸಬೇಕು. ಆ ಕರಾರಿನ ಕರಡನ್ನು ಶುಲ್ಕವಿಲ್ಲದೆ ಬರೆದುಕೊಡಲು ನಾನು ಸಿದ್ಧ. ಇಲ್ಲಿರುವ ವಕೀಲ ಮಿತ್ರರಲ್ಲಿ ಜೊತೆಗೆ ಬರುವವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಬೇಕೆಂದು ಕೇಳಿಕೊಳ್ಳುತ್ತೇನೆ.